ಬಿಟ್ವೀನ್ ಸಿಕ್ಸ್ ಅಂಡ್ ಏಯ್ಟ್

ಹೊತ್ತಿಗೆ ಸಂಬಂಧಪಟ್ಟ ಇಂಗ್ಲಿಷ್ ಮಾತುಗಳನ್ನು ತಪ್ಪಾಗಿ ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಸೂರಿನ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿ, ಗಂಟಲು ಹರಿದುಕೊಂಡು, ಈಗ ನಿವೃತ್ತಳಾಗಿ ಅವಲಪಲ್ಲಿಯ ಒಂದು ಬಡಾವಣೆಯಲ್ಲಿ ಕೂತಿದ್ದೇನೆ. ಕೆಲಸ ಬಿಟ್ಟರೂ ಆ ಉರಿ ನನ್ನನ್ನು ಬಿಟ್ಟಿಲ್ಲ. ನಮ್ಮದು ಮತ್ತಿಗಿರಿ ಕಡೆಯ ಒಕ್ಕಲು ಮನೆ. ಅಡುಗೆಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಇವು ಮೂರೂ ನನಗೆ ತಾವಾಗಿಯೇ ಬಂದವು. ಇಂಗ್ಲಿಷನ್ನು ಮಾತ್ರ ಬೈಸಿಕೊಂಡು, ಅಳುತ್ತ ಕಲಿತೆ. ಹಾಗೆ ಕಲಿತದ್ದನ್ನು ಇನ್ನೊಬ್ಬರು ಬಾಯಿಗೆ ಬಂದಂತೆ ಬಳಸಿದರೆ ನನಗೆ ಸಿಟ್ಟು ಬರುತ್ತದೆ.

ಶಾಲೆಗೆ ಬರುತ್ತಿದ್ದ ರಜಾ ಅರ್ಜಿಗಳಲ್ಲಿ ಮಕ್ಕಳಿಗೆಲ್ಲ ‘ಸಿನ್ಸ್ ತ್ರೀ ಡೇಸ್’ ಜ್ವರ ಬರುತ್ತಿತ್ತು. ಸಿನ್ಸ್ ಎಂದ ಮೇಲೆ ಜ್ವರ ಶುರುವಾದದ್ದು ಯಾವಾಗ ಎಂದು ಹೇಳಬೇಕು, ಸೋಮವಾರವೋ ಮೊನ್ನೆಯೋ. ಎಷ್ಟು ದಿನದಿಂದ ಎಂದು ಹೇಳುವುದಾದರೆ ಅದಕ್ಕೆ ಫಾರ್ ಇದೆ. ಇಷ್ಟನ್ನು ಹೇಳಿಕೊಡಲು ನನಗೆ ಒಂದು ಪಿರಿಯಡ್ಡು ಸಾಕಾಗುತ್ತಿತ್ತು, ಅವರಿಗೆ ಹತ್ತು ವರ್ಷ ಸಾಲುತ್ತಿರಲಿಲ್ಲ. ‘ಬೈ ಫ್ರೈಡೇ’ ಎಂದರೆ ಶುಕ್ರವಾರದೊಳಗೆ ಕೆಲಸ ಮುಗಿಸುವುದು, ‘ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೂ ಮಾಡುತ್ತಲೇ ಇರುವುದು. ಈ ವ್ಯತ್ಯಾಸ ತಿಳಿಯದ ನಮ್ಮ ಹೆಡ್‌ಮಾಸ್ಟರು ಒಮ್ಮೆ ಉತ್ತರಪತ್ರಿಕೆಗಳನ್ನು ‘ಅಂಟಿಲ್ ಫ್ರೈಡೇ’ ತಂದು ಕೊಡಿ ಎಂದು ನೋಟೀಸು ಕಳಿಸಿದರು. ನಾನು ದಿನಾ ಅದೇ ಕಟ್ಟನ್ನು ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟು, ಸಂಜೆ ವಾಪಸು ತಂದೆ. ಶುಕ್ರವಾರ ಬಂದರೂ ಅವರಿಗೆ ಅರ್ಥವಾಗಲಿಲ್ಲ. ಮೇಡಮ್ಮಿಗೆ ತಲೆ ಕೆಟ್ಟಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕರಂತೆ.

ನಿವೃತ್ತಿಯ ಮೇಲಾದರೂ ಈ ಕಾಟ ತಪ್ಪುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮ ಬಡಾವಣೆಗೆ ಒಂದು ಮಾಲೀಕರ ಸಂಘ ಇದೆ. ಅದಕ್ಕೊಬ್ಬ ಕಾರ್ಯದರ್ಶಿ ಇದ್ದಾನೆ. ಕರ್ನಾಟಕದಿಂದ ಬಂದು, ಇಲ್ಲಿನ ಯಾವುದೋ ಕಾರ್ಖಾನೆಯ ಆಫೀಸಿನಲ್ಲಿ ಇದ್ದು ನಿವೃತ್ತನಾದವನು. ಸ್ವಂತ ಮನೆಯ ಜೊತೆಗೆ ಬಾಡಿಗೆಗೆಂದು ಬೆಂಕಿಪೊಟ್ಟಣದಂಥ ಮನೆಗಳನ್ನು ಕಟ್ಟಿಸಿ, ಅವುಗಳಲ್ಲಿ ಕಾರ್ಖಾನೆಯ ಕೆಲಸಗಾರರನ್ನು ತುಂಬಿಸಿದ್ದಾನೆ. ಆಫೀಸಿನಲ್ಲಿ ತನ್ನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲವೆಂದು ಕಾಣುತ್ತದೆ, ಆ ಸೇಡನ್ನೆಲ್ಲ ನಮ್ಮ ವಾಟ್ಸಾಪ್ ಗುಂಪಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ‘ವಾಟರ್ ವಿಲ್ ಕಮ್ ಬಿಟ್ವೀನ್ ಸೆವೆನ್ ಟು ನೈನ್.’ ‘ಪೇ ಮೇಂಟೆನೆನ್ಸ್ ಅಂಟಿಲ್ ಫಿಫ್ತ್.’ ‘ಟುಡೇ ಮಾರ್ನಿಂಗ್ ಒನ್ ಡಾಗ್ ಕೇಮ್.’ ಬೆಳಗ್ಗೆ ಎದ್ದು ಇದನ್ನು ಓದಿದರೆ ನನಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾಯಿ ಬಂದದ್ದು ‘ದಿಸ್ ಮಾರ್ನಿಂಗ್’ ಎಂದು ತಿದ್ದಿ ಹಾಕಿದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡರೆ, ಕೈ ಮುಗಿದಿರುವ ಚಿತ್ರಗಳ ಸಾಲನ್ನೇ ಕಳಿಸಿದ. ಅಂದಿನಿಂದ ಸಂಘದ ಪ್ರತಿಯೊಂದು ಪ್ರಕಟಣೆಯೂ ಮೊದಲು ನನ್ನ ಹತ್ತಿರ ಬರತೊಡಗಿತು. ಸಂಬಳವಿಲ್ಲದ ಕೆಲಸವೊಂದು ಹೀಗೆ ಗಂಟುಬಿತ್ತು. ನಾನೂ ಬೇಡ ಎನ್ನಲಿಲ್ಲ.

ಈಗ ನಮ್ಮ ಗೇಟಿನ ವಿಷಯ ಹೇಳಬೇಕು. ಗೇಟು ಎಂದರೆ ಏನಿಲ್ಲ, ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಬಾಗಿಲು, ಅದರ ಮೇಲೊಂದು ಕಮಾನು. ಒಳಗಿರುವವರು ಅದನ್ನು ಅರಮನೆಯ ಹೆಬ್ಬಾಗಿಲು ಎಂದುಕೊಂಡಿದ್ದಾರೆ. ಅದರ ಪಕ್ಕದಲ್ಲಿ ಒಬ್ಬ ಹೆಂಗಸು ತಳ್ಳುಗಾಡಿ ಇಟ್ಟುಕೊಂಡು ಬೆಳಗ್ಗೆ ಇಡ್ಲಿ ಮಾರುತ್ತಿದ್ದಳು. ಅಂಚೆಟ್ಟಿಯ ಆಚೆ ಕಾಡಂಚಿನ ಹಳ್ಳಿಯವಳು. ಗಂಡ ತೀರಿಹೋದ ಮೇಲೆ ಮಗಳನ್ನು ಕರೆದುಕೊಂಡು ಬಂದು, ಈ ಗಾಡಿಯೊಂದರಿಂದಲೇ ಅವಳನ್ನು ಓದಿಸುತ್ತಿದ್ದಳು. ಬೆಳಗ್ಗೆ ಆರರಿಂದ ಎಂಟರವರೆಗಿನ ವ್ಯಾಪಾರವೇ ಅವಳ ಬದುಕು. ಅಷ್ಟು ಹೊತ್ತಿನಲ್ಲಿ ಪಾತ್ರೆ ಖಾಲಿಯಾಗದಿದ್ದರೆ ಆಮೇಲೆ ಕೇಳುವವರಿಲ್ಲ.

ಯಾಕೆಂದರೆ ಕಾರ್ಖಾನೆಯ ಬಸ್ಸುಗಳು ಬರುವುದು ಆಗಲೇ. ರಾತ್ರಿ ಪಾಳಿ ಮುಗಿಸಿದವರನ್ನು ಒಂದು ಬಸ್ಸು ಇಳಿಸುತ್ತದೆ, ಹಗಲಿನ ಕೆಲಸಕ್ಕೆ ಹೋಗುವವರನ್ನು ಇನ್ನೊಂದು ಹತ್ತಿಸಿಕೊಳ್ಳುತ್ತದೆ. ನಮ್ಮಲ್ಲಿ ಬಾಡಿಗೆಗೆ ಇರುವವರಲ್ಲಿ ಗಂಡ ಒಂದು ಕಂಪನಿ, ಹೆಂಡತಿ ಇನ್ನೊಂದು ಕಂಪನಿ. ಅವನು ಬಸ್ಸಿಳಿಯುವ ಹೊತ್ತಿಗೆ ಅವಳು ಬಸ್ಸು ಹತ್ತುತ್ತಾಳೆ. ಎಷ್ಟೋ ಮನೆಗಳಲ್ಲಿ ಗಂಡಹೆಂಡತಿ ವಾರಪೂರ್ತಿ ಮುಖ ನೋಡಿಕೊಳ್ಳುತ್ತಿದ್ದದ್ದು ಆ ಇಡ್ಲಿಗಾಡಿಯ ಮುಂದೆಯೇ. ಮನೆಯ ಬೀಗದ ಕೈ ಅಲ್ಲಿ ಕೈ ಬದಲಾಯಿಸುತ್ತಿತ್ತು. ಅವನ ಬಸ್ಸು ತಡವಾದರೆ ಅವಳು ಕೀಲಿಯನ್ನು ಇಡ್ಲಿಯವಳ ಕೈಗೆ ಕೊಟ್ಟು ಹೋಗುತ್ತಿದ್ದಳು. ಕೀಲಿಯಷ್ಟೇ ಅಲ್ಲ, ಮಗುವನ್ನೂ. ಇಡ್ಲಿಯವಳು ಮಗುವನ್ನು ಗಾಡಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಕೈಗೊಂದು ಇಡ್ಲಿ ಕೊಟ್ಟು, ಅಪ್ಪನ ಬಸ್ಸು ಬರುವವರೆಗೆ ನೋಡಿಕೊಳ್ಳುತ್ತಿದ್ದಳು. ನಮ್ಮ ಮಹಡಿ ಮೇಲಿನ ಬಾಡಿಗೆಯವರ ಪುಟ್ಟ ಹುಡುಗಿ ಇಡ್ಲಿ ತಿನ್ನಲು ಕಲಿತದ್ದೇ ಆ ಸ್ಟೂಲಿನ ಮೇಲೆ. ಇದನ್ನು ಯಾರೂ ಗೊತ್ತುಮಾಡಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವ ಮಾಲೀಕರಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನಾಗುತ್ತಿತ್ತೋ! ಅವರಿಗೆ ಕಾಣುತ್ತಿದ್ದದ್ದು ಜನಜಂಗುಳಿ, ಹೊಗೆ, ಚೆಲ್ಲಿದ ಸಾಂಬಾರು. ಬಡಾವಣೆಯ ‘ಲುಕ್’ ಹಾಳಾಗುತ್ತದೆ ಎಂದು ಒಬ್ಬ ಹೇಳಿದ. ಆ ಲುಕ್ಕು ಎಲ್ಲಿದೆಯೆಂದು ನಾನು ಇಂದಿಗೂ ಹುಡುಕುತ್ತಿದ್ದೇನೆ.

ಒಂದು ಭಾನುವಾರ ಕಾರ್ಯದರ್ಶಿಯ ಮನೆಯ ತಾರಸಿಯಲ್ಲಿ ಸಭೆ ಕರೆದರು. ಪ್ರಕಟಣೆಯೊಂದು ಸಿದ್ಧವಾಗಿದೆ, ಮೇಡಂ ನೋಡಿಕೊಡಬೇಕು ಎಂದು ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ಕಾರ್ಯದರ್ಶಿ ಎದ್ದು ನಿಂತು ಓದಿದ. ಗೇಟಿನ ಬಳಿ ‘ಬಿಟ್ವೀನ್ ಸಿಕ್ಸ್ ಟು ಏಯ್ಟ್’ ಯಾವ ವ್ಯಾಪಾರಿಯೂ ನಿಲ್ಲತಕ್ಕದ್ದಲ್ಲ. ಓದಿ ಮುಗಿಸಿ, ನನ್ನ ಕಡೆ ನೋಡಿ ಹಲ್ಲು ಬಿಟ್ಟ.

ಅಷ್ಟರಲ್ಲಿ ಖಜಾಂಚಿ ಎದ್ದ. ಅವನ ಪ್ರಕಾರ ‘ಫ್ರಮ್ ಸಿಕ್ಸ್ ಟಿಲ್ ಏಯ್ಟ್’ ಆಗಬೇಕು. ಹಿಂದಿನಿಂದ ಯಾರೋ ‘ಅಪ್‌ಟು’ ಎಂದರು. ಇನ್ನೊಬ್ಬರು ತಮಿಳಿನಲ್ಲಿ ತಮ್ಮ ಮಗ ಕಾನ್ವೆಂಟಿನಲ್ಲಿ ಓದಿದವನು, ಅವನಿಗೇ ಫೋನ್ ಮಾಡಿ ಕೇಳೋಣ ಎಂದರು. ಕಾಫಿ ಬಂತು, ಆರಿತು, ಕೆನೆ ಕಟ್ಟಿತು. ಬೋರ್‌ವೆಲ್ ಬತ್ತಿದಾಗ, ಚರಂಡಿ ಉಕ್ಕಿದಾಗ ಬಾಯಿ ಬಿಡದವರೆಲ್ಲ ಅಂದು ವಿದ್ವಾಂಸರಾಗಿಬಿಟ್ಟರು. ಒಬ್ಬನಾದರೂ ಆ ಹೆಂಗಸನ್ನು ಯಾಕೆ ಎತ್ತಂಗಡಿ ಮಾಡಬೇಕು ಎಂದು ಕೇಳಲಿಲ್ಲ. ಅವಳ ಹೊಟ್ಟೆಯ ಮೇಲೆ ಹೊಡೆಯುವ ವಾಕ್ಯದಲ್ಲಿ ಟು ಇರಬೇಕೋ ಟಿಲ್ ಇರಬೇಕೋ ಎನ್ನುವುದಷ್ಟೇ ಅವರ ಚಿಂತೆ.

ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ. “ಬಿಟ್ವೀನ್ ಹಾಕಿದ್ರೆ ಅಂಡ್ ಬರ್ಬೇಕು. ಬಿಟ್ವೀನ್ ಸಿಕ್ಸ್ ಅಂಡ್ ಏಯ್ಟ್. ಟು ಬೇಕಿದ್ರೆ ಬಿಟ್ವೀನ್ ತೆಗೆದು ಫ್ರಮ್ ಹಾಕಿ. ಇಷ್ಟಕ್ಕೆ ಇಷ್ಟೊಂದು ರಾದ್ಧಾಂತವಾ?” ಎಂದೆ.

ಕಾರ್ಯದರ್ಶಿ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಸರಿ ಉತ್ತರ ಹೇಳಿದಾಗ ಆಗುವ ಸಣ್ಣ ಖುಷಿ ನನಗೂ ಆಯಿತು. ಆ ಖುಷಿಯ ಬಿಸಿಯಲ್ಲೇ ಮುಂದುವರಿದೆ. “ಅದಿರಲಿ, ಆ ಹೆಂಗಸಿನಿಂದ ನಿಮಗೇನು ತೊಂದರೆ? ಶಿಫ್ಟ್ ಬಸ್ಸು ಬರೋದೇ ಆವಾಗ. ಆವಾಗ ನಿಲ್ಲಬೇಡ ಅಂದ್ರೆ ಅವಳು ಮಾರೋದು ಯಾರಿಗೆ?”

“ನಾವೇನು ಬ್ಯಾನ್ ಮಾಡ್ತಿಲ್ಲ ಮೇಡಂ. ಟೈಮಿಂಗ್ಸ್ ಫಿಕ್ಸ್ ಮಾಡ್ತಿದ್ದೀವಿ ಅಷ್ಟೆ. ಮಿಕ್ಕಿದ ಟೈಮಲ್ಲಿ ಆರಾಮಾಗಿ ನಿಂತ್ಕೊಳ್ಳಲಿ,” ಎಂದ ಕಾರ್ಯದರ್ಶಿ.

“ಮಿಕ್ಕಿದ ಟೈಮಲ್ಲಿ ತಿನ್ನೋರು ಯಾರಿದಾರೆ?”

“ಮೇಡಂ, ನಾವು ನಿಮ್ಮನ್ನ ಕೇಳಿದ್ದು ಇಂಗ್ಲಿಷ್,” ಎಂದು ನಕ್ಕ. ಎಲ್ಲರೂ ನಕ್ಕರು. ಖಜಾಂಚಿಯಂತೂ ಕೆನೆ ಕಟ್ಟಿದ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಳ್ಳುವಷ್ಟು ನಕ್ಕ. ನಾನು ಎದ್ದು ಬಂದೆ. ಇಂಥವರ ಜೊತೆ ವಾದಿಸುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡು ಮೆಟ್ಟಿಲಿಳಿದೆ. ನನ್ನ ಬೆನ್ನ ಹಿಂದೆ ನಿರ್ಣಯ ಪಾಸಾಯಿತು.

ಮರುದಿನ ಪ್ರಕಟಣೆ ಗೇಟಿನ ಮೇಲಿತ್ತು. ಬಿಳಿ ಹಲಗೆ, ಕೆಂಪಕ್ಷರ. ಬಿಟ್ವೀನ್ ಸಿಕ್ಸ್ ಅಂಡ್ ಏಯ್ಟ್ ಎ.ಎಂ. ಮನಸ್ಸಿನಲ್ಲಿ ಶಾಪ ಹಾಕುತ್ತಲೇ ಓದಿದೆ, ಹುಡುಕಿದರೂ ತಪ್ಪು ಸಿಗಲಿಲ್ಲ.

ಇಡ್ಲಿಯವಳಿಗೆ ಇಂಗ್ಲಿಷ್ ಬಾರದು. ಸೆಕ್ಯುರಿಟಿಯವನು ತೆಲುಗಿನಲ್ಲಿ ಏನೋ ಹೇಳಿದ್ದನಂತೆ, ನಂಬಿಕೆ ಬರದೆ ನನ್ನನ್ನು ಕರೆದಳು.

“ಅಕ್ಕ, ಅದೇನೋ ಬೋರ್ಡ್ ಹಾಕವ್ರಲ್ಲ, ಏನಂತೆ?”

ಓದಿ ಹೇಳಿದೆ.

“ಆರ್ರಿಂದ ಎಂಟ್ರುಗಂಟ ನಿಂತ್ಕಬಾರ್ದಾ? ಮಿಕ್ಕಿದ್ ಹೊತ್ನಾಗೆ ನಿಂತ್ಕಬೋದಾ?”

“ಹೂಂ, ನಿಂತ್ಕೋಬಹುದಂತೆ.”

“ಮಿಕ್ಕಿದ್ ಹೊತ್ನಾಗೆ ಯಾರಕ್ಕ ಬತ್ತಾರೆ? ನಾಯಿ ಬತ್ತವೆ,” ಎಂದಳು. ಹಲಗೆಯ ಉದ್ದಕ್ಕೂ ಕಣ್ಣಾಡಿಸಿದಳು. “ಈಟುದ್ದ ಬರ್ದು ಬ್ಯಾಡ ಅನ್ನೋ ಬದ್ಲು, ಬಾಯಾಗೇ ಹೋಗು ಅಂದಿದ್ರೆ ಹೋಗ್ಬುಡ್ತಿದ್ದೆ.” ನಾನು ಎಷ್ಟು ಹೇಳಿದರೂ ಆ ದಡ್ಡರು ಕೇಳಲಿಲ್ಲ ಎಂದಷ್ಟೇ ಅಂದೆ. ಅವಳು ಗಾಡಿಯ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ತೆಗೆದಳು.

ಅವಳು ಹೋದ ಮೇಲೆ ನಡೆದದ್ದನ್ನು ಕಾರ್ಯದರ್ಶಿ ಕನಸಿನಲ್ಲೂ ಎಣಿಸಿರಲಿಲ್ಲ. ಅವನಿಗೆ ಕನಸು ಬೀಳುವಷ್ಟು ಬುದ್ಧಿ ಇದೆಯೆಂದೂ ನನಗೆ ಅನ್ನಿಸುವುದಿಲ್ಲ. ಬೆಳಗ್ಗೆ ಗೇಟಿನಲ್ಲಿ ಗೋಳಾಟ ಶುರುವಾಯಿತು. ಹೆಂಡತಿ ಬಸ್ಸು ಹತ್ತಬೇಕು, ಗಂಡ ಇನ್ನೂ ಬಂದಿಲ್ಲ, ಕೀಲಿ ಯಾರ ಕೈಗೆ ಕೊಡುವುದು? ಒಬ್ಬಳು ಕುಂಡದ ಕೆಳಗೆ ಇಟ್ಟು ಹೋದಳು, ಗಂಡನಿಗೆ ಸಿಗದೆ ಅವನು ಮೆಟ್ಟಿಲ ಮೇಲೇ ಮಲಗಿದ. ನಮ್ಮ ಮಹಡಿಯವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದಳು. ಅವಳ ಬಸ್ಸು ಹೊರಟುಹೋಯಿತು, ಆ ದಿನದ ಕೆಲಸವೂ ಹೋಯಿತು. ಸೆಕ್ಯುರಿಟಿಯವನ ಕೈಗೆ ಕೊಡೋಣವೆಂದರೆ ಅವನು ಮಗುವನ್ನು ಕಂಡರೇ ಹೆದರುತ್ತಿದ್ದ. ನಾನು ಇಳಿದುಹೋಗಿ ಮಗುವನ್ನು ಎತ್ತಿಕೊಂಡೆ. ಅದು ನನ್ನನ್ನು ಬೇಡವೆಂದು ಗಾಡಿ ಇದ್ದ ಜಾಗದ ಕಡೆ ಕೈ ಚಾಚಿ ಅತ್ತಿತು.

ಇಡ್ಲಿಯವಳು ಅಷ್ಟರಲ್ಲಿ ಗೇಟಿನಿಂದ ಸ್ವಲ್ಪ ದೂರದ ಕೆರೆ ಏರಿಯ ತಿರುವಿನಲ್ಲಿ, ಗುಲಾಬಿ ಬೆಳೆಯುವವರೊಬ್ಬರ ಬೇಲಿಯ ಪಕ್ಕ ನಿಂತಿದ್ದಳು. ಅಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಇಡ್ಲಿ ಉಳಿಯಿತಂತೆ, ತಾಯಿಮಗಳು ಮಧ್ಯಾಹ್ನಕ್ಕೂ ಸಂಜೆಗೂ ಅದನ್ನೇ ತಿಂದರಂತೆ. ಆಮೇಲೆ ಬಸ್ಸಿನ ಡ್ರೈವರುಗಳೇ ದಾರಿ ಮಾಡಿದರು. ಅವರು ಬೆಳಗಿನ ತಿಂಡಿ ತಿನ್ನುತ್ತಿದ್ದದ್ದೂ ಅವಳ ಗಾಡಿಯಲ್ಲೇ. ಒಬ್ಬ ಬಸ್ಸನ್ನು ತಿರುವಿನಲ್ಲಿ ನಿಲ್ಲಿಸಿದ, ಇನ್ನೊಬ್ಬನೂ ಅಲ್ಲಿಯೇ ನಿಲ್ಲಿಸಿದ. ಕೆಲಸಗಾರರು ತಕರಾರು ಮಾಡುವ ಬದಲು ಸಂತೋಷದಿಂದ ಅಲ್ಲಿಗೇ ನಡೆದರು. ಯಾವ ಸಭೆಯೂ ಸೇರದೆ, ಯಾವ ನಿರ್ಣಯವೂ ಪಾಸಾಗದೆ, ನಮ್ಮ ಗೇಟಿನ ಬಸ್ ಸ್ಟಾಪು ಕೆರೆ ಏರಿಗೆ ಹೋಯಿತು. ಕೀಲಿಗಳೂ ಮಕ್ಕಳೂ ಅದರ ಹಿಂದೆಯೇ ಹೋದವು.

ಬಾಡಿಗೆಯವರೂ ಹೋಗತೊಡಗಿದರು. ಕೆರೆ ಏರಿಯ ಆಚೆ ಹೊಸದಾಗಿ ಎದ್ದಿದ್ದ ಮನೆಗಳಿಗೆ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ನಮ್ಮ ಮಹಡಿಯೂ ಖಾಲಿಯಾಯಿತು. ಕಾರ್ಯದರ್ಶಿಯ ಬೆಂಕಿಪೊಟ್ಟಣಗಳಂತೂ ಸಾಲಾಗಿ ಖಾಲಿಯಾಗಿ, ಪ್ರತಿಯೊಂದರ ಮೇಲೂ ‘ಟು ಲೆಟ್’ ಹಲಗೆ ತೂಗಾಡತೊಡಗಿತು. ಅದನ್ನು ನೋಡಲೆಂದೇ ನಾನು ಸಂಜೆ ವಾಕಿಂಗಿಗೆ ಆ ಬೀದಿಯಲ್ಲಿ ಹೋಗುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಬೆಳಗ್ಗೆ ಕಾರ್ಯದರ್ಶಿ ನಮ್ಮ ಮನೆಗೆ ಬಂದ. ಗುಂಪಿನಲ್ಲಿ ಹಾಕುವ ಧೈರ್ಯವಿಲ್ಲದೆ, ಕಾಗದವನ್ನು ಕೈಯಲ್ಲೇ ಹಿಡಿದು ತಂದಿದ್ದ. ಬಸ್ಸುಗಳನ್ನು ಮೊದಲಿನ ಹಾಗೆ ಗೇಟಿನ ಬಳಿಯೇ ನಿಲ್ಲಿಸಬೇಕೆಂದು ಕಾರ್ಖಾನೆಯವರಿಗೆ ಬರೆದ ಮನವಿ. ಓದಿದೆ. ನಮ್ಮ ಬಡಾವಣೆ ಅಲ್ಲಿ ‘ಸಿನ್ಸ್ ಮೆನಿ ಇಯರ್ಸ್’ ಇತ್ತು. ಬಸ್ಸುಗಳು ‘ಲಾಸ್ಟ್ ಟೂ ಮಂತ್ಸ್ ಬಿಫೋರ್’ ಹೋಗಿದ್ದವು. ಅವನ್ನು ‘ಅಂಟಿಲ್ ನೆಕ್ಸ್ಟ್ ವೀಕ್’ ವಾಪಸು ಕಳಿಸಬೇಕಿತ್ತು. ಕೆಲಸದ ದಿನಗಳಲ್ಲಾಗಿದ್ದರೆ ಕೆಂಪು ಶಾಯಿ ಖಾಲಿಯಾಗುತ್ತಿತ್ತು.

“ಎಲ್ಲ ಸರಿಯಾಗಿದೆಯಾ ಮೇಡಂ? ಅಟ್ ದಿ ಅರ್ಲಿಯೆಸ್ಟ್ ಅಂತ ಕೊನೇಲಿ ಸೇರಿಸಲಾ?”

“ಬೇಡ. ಪರ್ಫೆಕ್ಟಾಗಿದೆ. ಒಂದಕ್ಷರ ಮುಟ್ಟಬೇಡಿ, ಹೀಗೇ ಕಳಿಸಿ,” ಎಂದೆ.

ಅವನ ಮುಖ ಅರಳಿತು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ನಿಮ್ಮಿಂದ ತುಂಬಾ ಕಲಿತೆ ಮೇಡಂ ಎಂದು ಹೇಳಿ ಹೋದ. ಬಾಗಿಲು ಹಾಕಿಕೊಂಡು ನಾನು ಒಬ್ಬಳೇ ಮನಸಾರೆ ನಕ್ಕೆ. ಕಾರ್ಖಾನೆಯ ಯಾವನೋ ಆಫೀಸರು ಆ ಕಾಗದ ಓದಿ ಪಕ್ಕದವನಿಗೆ ತೋರಿಸಿ ನಗುವುದು ಕಣ್ಣಿಗೆ ಕಟ್ಟಿತು. ತಾರಸಿಯಲ್ಲಿ ನಕ್ಕವರಿಗೆಲ್ಲ ಅವತ್ತು ಸರಿಯಾಗಿ ಮಾಡಿದೆ ಅನ್ನಿಸಿತು.

ಆ ಸಂತೋಷವನ್ನು ಹಂಚಿಕೊಳ್ಳಬೇಕು ಎನಿಸಿದ್ದು ಒಬ್ಬಳೊಂದಿಗೇ. ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಗೆ ನಡೆದೆ. ಅವಳು ಹೋದ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಅದೇ ಮೊದಲು. ಗಾಡಿಯ ಸುತ್ತ ಕಾರ್ಖಾನೆಯ ನೀಲಿ ಅಂಗಿಯವರ ಗುಂಪು. ಬೇಲಿಯ ತಂತಿಗೆ ಒಂದಷ್ಟು ಕೀಲಿಗಳು ನೇತಾಡುತ್ತಿದ್ದವು. ಗುಂಪು ಸ್ವಲ್ಪ ಕರಗುವವರೆಗೆ ಕಾದು, ಅವಳ ಪಕ್ಕ ನಿಂತು, ಕಾರ್ಯದರ್ಶಿ ಬಂದದ್ದನ್ನೂ ಕಾಗದ ತೋರಿಸಿದ್ದನ್ನೂ ಹೇಳಿದೆ. ಅದರ ತುಂಬ ತಪ್ಪಿತ್ತು, ಬೇಕೆಂದೇ ತಿದ್ದದೆ ಹಾಗೇ ಕಳಿಸಿದೆ, ಇನ್ನು ಕಾರ್ಖಾನೆಯವರು ಅವನಿಗೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ ಎಂದು ಬಣ್ಣ ಕಟ್ಟಿ ಹೇಳಿದೆ. ಅವಳು ನಗುತ್ತಾಳೆ ಎಂದು ಕಾದೆ.

ಅವಳು ನಗಲಿಲ್ಲ. ಒಂದು ತಟ್ಟೆಗೆ ಇಡ್ಲಿ ಹಾಕಿ, ಚಟ್ನಿ ಸುರಿದು, ನನ್ನ ಕೈಗೆ ಕೊಟ್ಟಳು. ಅಷ್ಟು ವರ್ಷ ಅಕ್ಕ ಎನ್ನುತ್ತಿದ್ದವಳು ಮೇಡಂ ಎಂದಳು.

“ನಂಗದೆಲ್ಲ ತಿಳಿಯಾಕಿಲ್ಲ ಮೇಡಂ. ಅವ್ರ್ ಕಾಗ್ದಾನ ತಪ್ಪಾಗೇ ಬಿಟ್ರಿ. ನನ್ ಓಡ್ಸಿದ್ ಬೋರ್ಡ್ನ ಮಾತ್ರ ಸರಿ ಮಾಡ್ಕೊಟ್ರಂತಲ್ಲ?”

ಇನ್ನೊಂದು ಬಸ್ಸು ಬಂದು ನಿಂತಿತು. ಅವಳು ಆ ಕಡೆ ತಿರುಗಿದಳು.